ಹಿಮದಲ್ಲಿ ಕಾದು ತೆಗೆಯುವ ಫೋಟೊ: ಧ್ರುವ ಪ್ರದೇಶದ ಫೋಟೊಗ್ರಫಿಗೆ ಸಮಗ್ರ ಮಾರ್ಗದರ್ಶಿ

ಧ್ರುವ ಪ್ರದೇಶಕ್ಕೆ ಹೋದವರಿಗೆ ಒಳ್ಳೆಯ ಫೋಟೊ ಸಿಗದೇ ಹೋದರೆ ಅದಕ್ಕೆ ಕ್ಯಾಮೆರಾ ಕಾರಣ ಆಗುವುದು ಅಪರೂಪ. ಹೆಚ್ಚಿನ ಸಲ ಕಾರಣ ಕಾಲಿನ ಬೆರಳು. ಬೆರಳು ಮರಗಟ್ಟುತ್ತದೆ, ಗಮನವೆಲ್ಲ ಬೂಟಿಗೆ ಹೋಗುತ್ತದೆ, ಹತ್ತೇ ನಿಮಿಷದಲ್ಲಿ ವಾಪಸ್ ಹೊರಡಬೇಕು ಅನಿಸುತ್ತದೆ. ಹೊರಟ ಅರ್ಧ ಗಂಟೆಗೆ ಮೋಡ ಸರಿದು ಬೆಳಕು ಬೀಳುತ್ತದೆ.

ಅಲ್ಲಿ ಬೆಳಕು ನಿಧಾನ, ಪ್ರಾಣಿ ನಿಧಾನ, ಮಂಜುಗಡ್ಡೆ ಇನ್ನೂ ನಿಧಾನ. ಹಾಗಾಗಿ ಈ ಬರಹದಲ್ಲಿ ಬಟ್ಟೆ, ಬ್ಯಾಟರಿ, ಲೆನ್ಸ್ ಅಂತ ಏನೇ ಹೇಳಿದರೂ ಕೇಳಿಕೊಂಡಿರುವ ಪ್ರಶ್ನೆ ಒಂದೇ: ಇದರಿಂದ ನೀವು ಇನ್ನೊಂದು ಗಂಟೆ ಅಲ್ಲೇ ನಿಲ್ಲಬಹುದೇ? ತಾಳ್ಮೆ ಹುಟ್ಟಿನಿಂದ ಬರುವ ಗುಣ ಅಂತ ಜನ ಅಂದುಕೊಳ್ಳುತ್ತಾರೆ. ಹಿಮದಲ್ಲಿ ಅದು ಬಹುಪಾಲು ತಯಾರಿಯಿಂದ ಬರುತ್ತದೆ.

ಜಾಗಕ್ಕಿಂತ ಮೊದಲು ಬೆಳಕನ್ನು ಆರಿಸಿ

ಎಲ್ಲರೂ ಮೊದಲು ಪ್ರಾಣಿಯನ್ನು ಆರಿಸುತ್ತಾರೆ. ಹಿಮಕರಡಿ ಬೇಕು, ಪೆಂಗ್ವಿನ್ ಬೇಕು ಅಂತ. ನನ್ನ ಪ್ರಕಾರ ಮೊದಲು ತಿಂಗಳನ್ನು ಆರಿಸಬೇಕು. ಧ್ರುವದ ಹತ್ತಿರ ತಿಂಗಳು ಬದಲಾದರೆ ಬೆಳಕಿನ ಸ್ವಭಾವವೇ ಬದಲಾಗುತ್ತದೆ.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳನ್ನೇ ತೆಗೆದುಕೊಳ್ಳಿ. ಅಲ್ಲಿನ ಮುಖ್ಯ ಊರು ಲಾಂಗ್‌ಇಯರ್‌ಬೀನ್ 78 ಡಿಗ್ರಿ ಉತ್ತರದಲ್ಲಿದೆ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಆಮೇಲೂ ಸುತ್ತಲಿನ ಬೆಟ್ಟಗಳು ಅಡ್ಡ ಇರುವುದರಿಂದ ಊರಿನ ಮೇಲೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ. ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ ಮೂರನೇ ವಾರ ದಾಟುವವರೆಗೆ ಸೂರ್ಯ ಮುಳುಗುವುದೇ ಇಲ್ಲ. ಇವೆರಡರ ನಡುವೆ, ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ, ಸೂರ್ಯ ದಿಗಂತವನ್ನು ಸವರಿಕೊಂಡೇ ಹೋಗುತ್ತಾನೆ. ಬೇರೆ ಕಡೆ ಹತ್ತು ನಿಮಿಷಕ್ಕೆ ಮುಗಿಯುವ ಗುಲಾಬಿ, ನೀಲಿ ಬಣ್ಣಗಳು ಇಲ್ಲಿ ಗಂಟೆಗಟ್ಟಲೆ ಇರುತ್ತವೆ. ಬರೀ ನೆಲ, ಹಿಮ, ಬೆಳಕು ಬೇಕು ಅನ್ನುವವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ವಾರಗಳಿಲ್ಲ. ಚಳಿ ಮಾತ್ರ ಜೋರು. ಮೈನಸ್ 10ರಿಂದ ಮೈನಸ್ 20 ಡಿಗ್ರಿ ಮಾಮೂಲು, ಕೆಲವು ದಿನ ಇನ್ನೂ ಕೆಳಗೆ.

ಬೇಸಿಗೆಯಲ್ಲಿ ಹೋದರೆ ಗಡಿಯಾರವನ್ನು ತಿರುಗಿಸಿಕೊಳ್ಳಿ. ಮಧ್ಯಾಹ್ನ ನಿದ್ದೆ ಮಾಡಿ, ರಾತ್ರಿ ಹನ್ನೊಂದರಿಂದ ಬೆಳಗಿನ ಮೂರರವರೆಗೆ ಕೆಲಸ ಮಾಡಿ. ಸೂರ್ಯ ಮುಳುಗದಿದ್ದರೂ ಆ ಹೊತ್ತಿಗೆ ಕೆಳಗೆ ಇಳಿದಿರುತ್ತಾನೆ, ನೆರಳು ಉದ್ದ ಇರುತ್ತದೆ. ಊಟದ ಹೊತ್ತಿಗೆ ಸರಿಯಾಗಿ ಊಟ ಮಾಡುವವರಿಗೆ ಈ ಬೆಳಕು ಸಿಗುವುದಿಲ್ಲ.

ಅಂಟಾರ್ಕ್ಟಿಕಾದ ಲೆಕ್ಕ ಬೇರೆ. ಹೆಚ್ಚಿನ ಪ್ರವಾಸಿ ಹಡಗುಗಳು ಅರ್ಜೆಂಟೀನಾದ ಉಶುವಾಯಾದಿಂದ ಹೊರಟು, ಸುಮಾರು ಎರಡು ದಿನದಲ್ಲಿ ಡ್ರೇಕ್ ಜಲಸಂಧಿ ದಾಟಿ ಅಂಟಾರ್ಕ್ಟಿಕ್ ಪೆನಿನ್ಸುಲಾ ಎಂಬ ಪರ್ಯಾಯ ದ್ವೀಪ ತಲುಪುತ್ತವೆ. ಕಾಲ ನವೆಂಬರ್‌ನಿಂದ ಮಾರ್ಚ್. ನವೆಂಬರ್‌ನಲ್ಲಿ ಹಿಮ ಹೊಸದು, ದಡ ಚೊಕ್ಕಟ, ಪೆಂಗ್ವಿನ್‌ಗಳು ಜೋಡಿ ಸೇರಿ ಗೂಡು ಕಟ್ಟುತ್ತಿರುತ್ತವೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮರಿಗಳು. ಫೆಬ್ರುವರಿ, ಮಾರ್ಚ್‌ನಲ್ಲಿ ತಿಮಿಂಗಿಲ ಜಾಸ್ತಿ, ಸೂರ್ಯಾಸ್ತದ ಬಣ್ಣವೂ ಜಾಸ್ತಿ. ಆದರೆ ಪೆಂಗ್ವಿನ್ ನೆಲೆಗಳು ಅಷ್ಟರಲ್ಲಿ ಕೆಸರು, ಹಿಕ್ಕೆಯಿಂದ ಕೆಂಪಾಗಿರುತ್ತವೆ. ಬೇಸಿಗೆಯಲ್ಲಿ ಅಲ್ಲಿನ ದಡದ ಉಷ್ಣತೆ ಸೊನ್ನೆಯ ಆಚೀಚೆ ಅಷ್ಟೇ. ಮೈನಸ್ 40ಕ್ಕೆ ತಯಾರಾಗಿ ಹೋಗಿ ಬೆವರುವವರು ಬಹಳ.

ಇವೆರಡನ್ನು ಬಿಟ್ಟರೆ ಪೂರ್ವ ಗ್ರೀನ್‌ಲ್ಯಾಂಡಿನ ಸ್ಕೋರ್ಸ್‌ಬಿ ಸೌಂಡ್ ಎಂಬ ಕೊಲ್ಲಿ ಇದೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಮಂಜುಗಡ್ಡೆ, ಕೆಂಪಾದ ಟಂಡ್ರಾ (ಮರವಿಲ್ಲದ ಬಯಲು), ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು ಅರೋರಾ, ಮೂರೂ ಒಂದೇ ಪ್ರವಾಸದಲ್ಲಿ ಸಿಗುವ ಸಾಧ್ಯತೆ ಇದೆ. ಕೆನಡಾದ ಚರ್ಚಿಲ್‌ನಲ್ಲಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಡ್ಸನ್ ಕೊಲ್ಲಿ ಹೆಪ್ಪುಗಟ್ಟಲಿ ಅಂತ ಹಿಮಕರಡಿಗಳು ದಡದಲ್ಲಿ ಕಾಯುತ್ತಿರುತ್ತವೆ. ನೀವೂ ಅವುಗಳ ಜೊತೆ ಕಾಯಬಹುದು, ಎತ್ತರದ ವಾಹನದ ಒಳಗಿನಿಂದ.

ಎಲ್ಲಿಗೆ ಹೋದರೂ ನೋಡುವ ಜಾಗ ಕಡಿಮೆ ಇರುವ, ಪ್ರತಿ ಜಾಗದಲ್ಲಿ ನಿಲ್ಲುವ ಹೊತ್ತು ಜಾಸ್ತಿ ಇರುವ ಪ್ರವಾಸವನ್ನೇ ಆರಿಸಿ. ದಿನಕ್ಕೊಂದು ಹೆಸರು ಟಿಕ್ ಮಾಡುವ ಪಟ್ಟಿ ನೋಡಲು ಚೆನ್ನ. ಕೆಲಸಕ್ಕೆ ಬರುವುದಿಲ್ಲ.

ದೂರದ ಲೆಕ್ಕ ತಿಳಿದು ಲೆನ್ಸ್ ತೆಗೆದುಕೊಳ್ಳಿ

ಸ್ವಾಲ್ಬಾರ್ಡ್‌ನಲ್ಲಿ 2025ರ ಜನವರಿಯಿಂದ ಹೊಸ ನಿಯಮ ಬಂದಿದೆ. ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ ಅದು 500 ಮೀಟರ್. ಕರಡಿಯನ್ನು ಹಿಂಬಾಲಿಸುವುದು, ಆಸೆ ತೋರಿಸಿ ಕರೆಯುವುದು, ಅದಕ್ಕೆ ತೊಂದರೆ ಕೊಡುವುದು ಎಲ್ಲವೂ ಅಪರಾಧ.

ಈ ದೂರಕ್ಕೆ ಫೋಟೊ ಹೇಗೆ ಬರುತ್ತದೆ? ಸ್ವಲ್ಪ ಲೆಕ್ಕ ಹಾಕೋಣ. ಎರಡೂವರೆ ಮೀಟರ್ ಉದ್ದದ ಕರಡಿ 300 ಮೀಟರ್ ಆಚೆ ಅಡ್ಡಡ್ಡ ನಡೆಯುತ್ತಿದೆ ಅನ್ನಿ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ಹಾಕಿದರೂ ಅದು ಚೌಕಟ್ಟಿನ ಅಗಲದ ಏಳನೇ ಒಂದು ಭಾಗ ತುಂಬುತ್ತದೆ. 500 ಮೀಟರಿನಲ್ಲಿ ಹನ್ನೆರಡನೇ ಒಂದು ಭಾಗ. ಅಂದರೆ ಕರಡಿಯ ಮುಖದ ಕ್ಲೋಸಪ್ ಆಸೆ ಬಿಡಬೇಕು. ಬಹಳ ಫೋಟೊಗ್ರಾಫರ್‌ಗಳಿಗೆ ಇದು ಬೇಜಾರು ತಂದಿದೆ. ನನಗೇನೋ ಇದರಿಂದ ಫೋಟೊಗಳು ಸುಧಾರಿಸುತ್ತವೆ ಅನಿಸುತ್ತದೆ. ಕರಡಿಯ ಮುಖವನ್ನು ಮೃಗಾಲಯದಲ್ಲೂ ತೆಗೆಯಬಹುದು. ಹಿಮನದಿಯ ಗೋಡೆ, ಒಡೆದ ಸಮುದ್ರದ ಮಂಜುಗಡ್ಡೆ, ಅದರ ಮೇಲೆ ಒಂದು ಕೆನೆಬಣ್ಣದ ಚುಕ್ಕಿ, ಇದು ಅಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ 100-400 ಅಥವಾ 100-500 ಎಂಎಂ ಜೂಮ್ ಒಂದು, 24-70 ಒಂದು, ಅರೋರಾ ಬೇಕಿದ್ದರೆ ಬೆಳಕನ್ನು ಜಾಸ್ತಿ ಒಳಬಿಡುವ ಎಫ್ 2.8ರ ವೈಡ್ ಲೆನ್ಸ್ ಒಂದು. ಸಾಕು. ಎರಡು ಕ್ಯಾಮೆರಾ ಬಾಡಿ ಇದ್ದರೆ ಇನ್ನೂ ಒಳ್ಳೆಯದು, ಗಾಳಿಯಲ್ಲಿ ಲೆನ್ಸ್ ಬದಲಾಯಿಸುವ ಗೋಳು ಇರುವುದಿಲ್ಲ.

ಅಂಟಾರ್ಕ್ಟಿಕಾದಲ್ಲಿ ಐಎಎಟಿಒ ಎಂಬ ಪ್ರವಾಸ ಸಂಸ್ಥೆಗಳ ಒಕ್ಕೂಟ 1991ರಿಂದ ಇದೆ. ಒಂದು ಹೊತ್ತಿಗೆ ದಡದಲ್ಲಿ 100 ಪ್ರಯಾಣಿಕರಿಗಿಂತ ಜಾಸ್ತಿ ಇರುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ಹಡಗು ಬುಕ್ ಮಾಡುವಾಗ ಇದೊಂದನ್ನು ನೆನಪಿಡಿ. 100 ಜನರ ಹಡಗಾದರೆ ಎಲ್ಲರೂ ಒಟ್ಟಿಗೆ ಇಳಿಯಬಹುದು. 200 ಜನರದ್ದಾದರೆ ಸರದಿ, ನಿಮ್ಮ ಪಾಲಿನ ಹೊತ್ತು ಅರ್ಧ. ಕಾಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಪೆಂಗ್ವಿನ್‌ನಿಂದ 5 ಮೀಟರ್, ಫರ್ ಸೀಲ್‌ನಿಂದ 15 ಮೀಟರ್ ದೂರ ಇರಬೇಕು. ಮೋಜಿಗೆ ಡ್ರೋನ್ ಹಾರಿಸುವಂತಿಲ್ಲ. 2023ರ ಕೊನೆಗೆ ಸೌತ್ ಜಾರ್ಜಿಯಾ ದ್ವೀಪದ ಕಡೆ ಹಕ್ಕಿಜ್ವರ ಕಾಣಿಸಿಕೊಂಡಿತು, ಆಮೇಲೆ ಅಂಟಾರ್ಕ್ಟಿಕಾದ ನೆಲಕ್ಕೂ ತಲುಪಿತು. ಅದಕ್ಕೇ ಈಗ ಪ್ರಾಣಿಗಳಿರುವ ಜಾಗದಲ್ಲಿ ಕೂರುವುದು, ಮೊಣಕಾಲೂರುವುದು, ಮಲಗುವುದು, ಬ್ಯಾಗ್ ಕೆಳಗಿಡುವುದು ಬೇಡ ಅನ್ನುತ್ತಾರೆ. ಹಿಮಕ್ಕೆ ಹೊಟ್ಟೆಯಾನಿಸಿ ಪೆಂಗ್ವಿನ್ ಕಣ್ಣಿನ ಮಟ್ಟದಲ್ಲಿ ತೆಗೆಯುವ ಹಳೆಯ ಅಭ್ಯಾಸ ಹೀಗಾಗಿ ನಿಂತಿದೆ. ಬದಲಿಗೆ ಹಿಂದಿನ ಪರದೆಯನ್ನು ಮೇಲಕ್ಕೆ ಮಡಚಿ, ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾವನ್ನು ಪಾದದ ಹತ್ತಿರ ಹಿಡಿಯಬಹುದು. ಅಥವಾ ಇಳಿಜಾರಿನಲ್ಲಿ ಕೆಳಗಡೆ ನಿಂತು, ಮೇಲಿಂದ ಇಳಿದು ಬರುವ ಹಕ್ಕಿಗೆ ಕಾಯಬಹುದು. ಎರಡನೆಯದೇ ವಾಸಿ, ಬೆನ್ನು ಉಳಿಯುತ್ತದೆ. ಟ್ರೈಪಾಡ್ ಇಡಬಹುದೇ ಅಂತ ಗೈಡ್ ಹತ್ತಿರ ಮೊದಲೇ ಕೇಳಿ.

ಮೈ ಬೆಚ್ಚಗಿರಲಿ

ನಡೆಯುವವರ ಬಟ್ಟೆ ಬೇರೆ, ನಿಂತು ಕಾಯುವವರ ಬಟ್ಟೆ ಬೇರೆ. ಅಂಗಡಿಗಳಲ್ಲಿ ಕೊಡುವ ಸಲಹೆ ಹೆಚ್ಚಾಗಿ ನಡೆಯುವವರಿಗೆ ಕೊಟ್ಟದ್ದು. ಮೈಗೆ ತಾಗಿ ಉಣ್ಣೆಯ ತೆಳು ಪದರ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಇದು ಎಲ್ಲರಿಗೂ ಗೊತ್ತು. ಕಾಯುವವರಿಗೆ ಇನ್ನೊಂದು ಬೇಕು: ಇವೆಲ್ಲದರ ಮೇಲೆ ಹಾಕಿಕೊಳ್ಳುವಷ್ಟು ದೊಗಳೆ ಇರುವ, ಹಕ್ಕಿಯ ಮೃದು ಗರಿ ತುಂಬಿದ ದಪ್ಪ ಡೌನ್ ಜಾಕೆಟ್. ಅದನ್ನು ನಿಂತ ತಕ್ಷಣ ಹಾಕಿಕೊಳ್ಳಬೇಕು. ಚಳಿ ಶುರುವಾದ ಮೇಲೆ ಹಾಕಿಕೊಂಡರೆ ಚಳಿಯನ್ನೇ ಒಳಗಿಟ್ಟು ಮುಚ್ಚಿದ ಹಾಗಾಗುತ್ತದೆ. ಹತ್ತಿ ಬಟ್ಟೆ ಬೇಡವೇ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ.

ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ಎರಡು ಜೊತೆ ಸಾಕ್ಸ್ ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಪ್ರಾಣಿಗಳಿಲ್ಲದ ಕಡೆ ನಿಲ್ಲುವಾಗ ಕಾಲ ಕೆಳಗೆ ಒಂದು ಸಣ್ಣ ಫೋಮ್ ಮ್ಯಾಟ್ ಹಾಕಿಕೊಳ್ಳಿ. ಇಷ್ಟು ಅಗ್ಗದ, ಇಷ್ಟು ಹಗುರದ ವಸ್ತು ಇಷ್ಟೊಂದು ಹೊತ್ತು ಉಳಿಸಿಕೊಡುವುದು ನೋಡಿದರೆ ದುಬಾರಿ ಬೂಟಿನ ಮೇಲೆ ಸಿಟ್ಟು ಬರುತ್ತದೆ. ಕೈಗೆ ತೆಳು ಗ್ಲೌಸ್, ಅದರ ಮೇಲೆ ನಾಲ್ಕು ಬೆರಳಿಗೂ ಒಂದೇ ಚೀಲವಿರುವ ದಪ್ಪ ಮಿಟನ್. ಮಿಟನ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಿ, ಗಾಳಿಗೆ ಹಾರಿಹೋದರೆ ಆ ದಿನದ ಕೆಲಸ ಮುಗಿಯಿತು.

ಉಷ್ಣತೆ ನೋಡುವಾಗ ಗಾಳಿಯನ್ನೂ ನೋಡಿ. ಮೈನಸ್ 20 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಇದ್ದರೆ ಚರ್ಮಕ್ಕೆ ಅದು ಮೈನಸ್ 33ರ ಚಳಿ. ಅಂಥ ಹೊತ್ತಲ್ಲಿ ತೆರೆದ ಚರ್ಮ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟಬಹುದು. ಮೂಗು, ಕೆನ್ನೆ, ಕಿವಿಯ ತುದಿ ಬಿಳಿಚಿ ಮೇಣದಂತೆ ಕಂಡರೆ, ಸ್ಪರ್ಶ ತಿಳಿಯದಿದ್ದರೆ ಉಜ್ಜಬೇಡಿ. ಬೆಚ್ಚಗಿನ ಅಂಗೈಯಿಂದ ಮುಚ್ಚಿ, ಒಳಗೆ ಹೋಗಿ. ನಿಮ್ಮ ಮೂಗು ನಿಮಗೆ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಜೊತೆಯಲ್ಲಿ ಒಬ್ಬರು ಇರಬೇಕು, ಆಗಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕು. ಬಿಸಿಲಿದ್ದ ದಿನ ಕಪ್ಪು ಕನ್ನಡಕ ಕಡ್ಡಾಯ. ಹಿಮದಿಂದ ಮೇಲೇಳುವ ಬೆಳಕು ಕಣ್ಣನ್ನು ಸುಡುತ್ತದೆ.

ಲೋಹದ ವಿಷಯದಲ್ಲೂ ಜೋಕೆ. 1910ರಲ್ಲಿ ಬ್ರಿಟಿಷ್ ಅನ್ವೇಷಕ ಸ್ಕಾಟ್ ತಂಡದ ಜೊತೆ ಅಂಟಾರ್ಕ್ಟಿಕಾಕ್ಕೆ ಹೊರಟ ಫೋಟೊಗ್ರಾಫರ್ ಹರ್ಬರ್ಟ್ ಪಾಂಟಿಂಗ್ ಅವರ ನಾಲಿಗೆ ಒಮ್ಮೆ ಕ್ಯಾಮೆರಾದ ಲೋಹದ ಭಾಗಕ್ಕೆ ತಾಗಿ ಅಲ್ಲೇ ಅಂಟಿಕೊಂಡಿತ್ತು. ಈಗಿನ ಕ್ಯಾಮೆರಾಗಳಲ್ಲಿ ಅಷ್ಟು ಲೋಹ ಹೊರಗೆ ಕಾಣುವುದಿಲ್ಲ. ಆದರೂ ಬರಿಗೈಯಲ್ಲಿ ಟ್ರೈಪಾಡ್ ಕಾಲು ಹಿಡಿಯಬೇಡಿ.

ಕ್ಯಾಮೆರಾ ತಣ್ಣಗೇ ಇರಲಿ, ಬ್ಯಾಟರಿ ಬೆಚ್ಚಗಿರಲಿ

ಚಳಿಗೆ ಕ್ಯಾಮೆರಾ ಕೆಡುತ್ತದೆ ಅಂತ ಹೆದರುವವರು ಬಹಳ. ಕೈಪಿಡಿಯಲ್ಲಿ ಸೊನ್ನೆ ಅಥವಾ ಮೈನಸ್ 10 ಡಿಗ್ರಿಯವರೆಗೆ ಅಂತ ಬರೆದಿದ್ದರೂ ಕ್ಯಾಮೆರಾಗಳು ಅದಕ್ಕಿಂತ ಕೆಳಗೂ ಓಡುತ್ತವೆ. ಕಷ್ಟ ಬರುವುದು ಚಳಿಯಿಂದ ಒಳಗೆ ಬಂದಾಗ.

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುವುದನ್ನು ನೋಡಿದ್ದೀರಲ್ಲ? ಮೈನಸ್ 20ರಲ್ಲಿ ಇದ್ದ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ತಂದರೆ ಅದೇ ಆಗುತ್ತದೆ. ಮೊದಲು ಹೊರಗಿನ ಗಾಜಿನ ಮೇಲೆ ಮಂಜು. ಒರೆಸಿದರೆ ಮತ್ತೆ ಮಂಜು. ಕೋಣೆಯ ಗಾಳಿ ಸಂದಿಗಳಿಂದ ಒಳಗೆ ನುಗ್ಗಿ ಲೆನ್ಸಿನ ಗಾಜುಗಳ ನಡುವೆ, ಸೆನ್ಸರ್ ಮೇಲೆ ನೀರಾಗುತ್ತದೆ. ಅದು ಒಣಗುವ ಮೊದಲೇ ಮತ್ತೆ ಹೊರಗೆ ಓಡಿದರೆ ಒಳಗಿನ ನೀರು ಗಡ್ಡೆಕಟ್ಟುತ್ತದೆ. ಕ್ಯಾಮೆರಾ ಕೆಡುವುದು ಹೀಗೆ.

ಪರಿಹಾರ ಸುಲಭ. ಹೊರಗೆ ಇರುವಾಗಲೇ ಮೆಮೊರಿ ಕಾರ್ಡ್ ಮತ್ತು ಬ್ಯಾಟರಿ ತೆಗೆದುಕೊಳ್ಳಿ. ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು ಮುಚ್ಚಿ. ಚೀಲವನ್ನು ಬ್ಯಾಗಿನೊಳಗಿಟ್ಟು ಒಳಗೆ ತನ್ನಿ. ನೀರು ಚೀಲದ ಹೊರಗಡೆ ಕಟ್ಟುತ್ತದೆ, ಕ್ಯಾಮೆರಾ ಒಣಗಿರುತ್ತದೆ. ಕೋಣೆಯಷ್ಟೇ ಬೆಚ್ಚಗಾಗುವವರೆಗೆ ತೆರೆಯಬೇಡಿ, ಕೆಲವು ಗಂಟೆ ಹಿಡಿಯುತ್ತದೆ. ಕಾರ್ಡ್ ಮೊದಲೇ ತೆಗೆಯಲು ಹೇಳಿದ್ದು ಇದಕ್ಕೇ. ಫೋಟೊ ನೋಡುವ ಆತುರಕ್ಕೆ ಚೀಲ ತೆರೆಯುವವರೇ ಜಾಸ್ತಿ. ಅರ್ಧ ಗಂಟೆ ಚಹಾಕ್ಕೆ ಒಳಗೆ ಬಂದು ಮತ್ತೆ ಹೊರಗೆ ಹೋಗುವುದಿದ್ದರೆ ಕ್ಯಾಮೆರಾವನ್ನು ಹೊರಗೇ ಬಿಡಿ, ಹಿಮ ಬೀಳದ ಸುರಕ್ಷಿತ ಜಾಗದಲ್ಲಿ.

ಬ್ಯಾಟರಿಯದ್ದು ಉಲ್ಟಾ. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನ ಆಗುತ್ತದೆ. ಮೈನಸ್ 20ರಲ್ಲಿ ಅರ್ಧದಷ್ಟೂ ಬಾರದೇ ಇರಬಹುದು. ಬಿಡಿ ಬ್ಯಾಟರಿಗಳನ್ನು ಮೈಗೆ ತಾಗುವ ಒಳಜೇಬಿನಲ್ಲಿಡಿ. ಖಾಲಿ ಅಂತ ತೋರಿಸಿದ್ದನ್ನೂ ಒಳಜೇಬಿಗೆ ಹಾಕಿ, ಬೆಚ್ಚಗಾದ ಮೇಲೆ ಇನ್ನೊಂದಿಷ್ಟು ಫೋಟೊಗೆ ಬರುತ್ತದೆ. ಕಾಯುವಾಗ ಕ್ಯಾಮೆರಾ ಆಫ್ ಮಾಡಿ. ಸುಮ್ನೆ ಹಿಂದಿನ ಫೋಟೊಗಳನ್ನು ನೋಡುತ್ತಾ ನಿಲ್ಲಬೇಡಿ. ಲೆನ್ಸಿನ ಮೇಲೆ ಕೂತ ಹಿಮವನ್ನು ಬಾಯಿಂದ ಊದಬೇಡಿ, ಉಸಿರಿನ ತೇವ ಅಲ್ಲೇ ಗಡ್ಡೆಯಾಗುತ್ತದೆ. ಬ್ರಷ್ ಬಳಸಿ.

ಟ್ರೈಪಾಡನ್ನು ಮೆತ್ತಗಿನ ಹಿಮದಲ್ಲಿ ಇಡುವಾಗ ಕಾಲುಗಳನ್ನು ಪೂರ್ತಿ ಅಗಲಿಸದೆ ಒತ್ತಿ. ಒತ್ತಿದಂತೆ ಅವು ತಾವೇ ಅಗಲವಾಗುತ್ತವೆ. ಮೊದಲೇ ಪೂರ್ತಿ ಅಗಲಿಸಿ ಒತ್ತಿದರೆ ಮುರಿಯುತ್ತವೆ.

ಬಿಳಿ ಬಿಳಿಯಾಗಿಯೇ ಬರಲಿ

ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ಸರಾಸರಿ ಬೂದುಬಣ್ಣ ಅಂತ ಭಾವಿಸುತ್ತದೆ. ಹಿಮ ತುಂಬಿದ ಚೌಕಟ್ಟನ್ನು ತೋರಿಸಿದರೆ ಅದನ್ನೂ ಬೂದು ಮಾಡಿ ಕೊಡುತ್ತದೆ. ಹಾಗಾಗಿ ಮೀಟರ್ ಲೆಕ್ಕಕ್ಕಿಂತ ಬೆಳಕು ಹೆಚ್ಚಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಪ್ಲಸ್ 1ರಿಂದ ಶುರುಮಾಡಿ. ಹಿಮ ಪೂರ್ತಿ ತುಂಬಿದ್ದರೆ ಪ್ಲಸ್ 2ರ ಹತ್ತಿರ ಬೇಕಾಗಬಹುದು. ಹಿಂದಿನ ಪರದೆಯನ್ನು ನಂಬಬೇಡಿ. ಬಿಸಿಲಲ್ಲಿ ಅದು ಕಪ್ಪಾಗಿ ಕಾಣುತ್ತದೆ, ಕತ್ತಲಲ್ಲಿ ಎಲ್ಲವೂ ಚೆನ್ನಾಗಿದೆ ಅನ್ನುತ್ತದೆ. ಹಿಸ್ಟೋಗ್ರಾಂ ನೋಡಿ, ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ ಅದು. ಗುಡ್ಡ ಬಲಗಡೆ ಇರಬೇಕು, ಗೋಡೆಗೆ ಒತ್ತಿಕೊಂಡಿರಬಾರದು. ಪೆಂಗ್ವಿನ್ ಆದರೆ ಹೊಟ್ಟೆಯ ಬಿಳಿಗರಿ ಸುಟ್ಟುಹೋಗದಂತೆ ನೋಡಿಕೊಳ್ಳಿ, ಕಪ್ಪು ಬೆನ್ನನ್ನು ಆಮೇಲೆ ಎತ್ತಬಹುದು. ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ.

ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇಡಬೇಡಿ. ಡೇಲೈಟ್‌ಗೆ ಇಟ್ಟು ಮರೆತುಬಿಡಿ. ಹಿಮದ ನೆರಳು ನೀಲಿಯಾಗಿರುವುದು ತಪ್ಪಲ್ಲ, ಅದು ಆಕಾಶದ ಬಣ್ಣ. ಆಟೋ ಅದನ್ನು ಸರಿಮಾಡಲು ಹೋಗಿ ಸಂಜೆಯ ಬೆಳಕನ್ನೇ ಕೊಲ್ಲುತ್ತದೆ.

ಮೋಡ ಕವಿದು ನೆಲ, ಆಕಾಶ ಎರಡೂ ಒಂದೇ ಬಿಳಿಯಾಗುವ ದಿನ ಬರುತ್ತದೆ. ಬಹಳ ಜನ ಆ ದಿನ ಕ್ಯಾಮೆರಾ ಒಳಗಿಡುತ್ತಾರೆ. ಅಂಥ ದಿನವೇ ಒಂದು ಕಪ್ಪು ಬಂಡೆ, ಒಂದು ಹಿಮಸಾರಂಗ, ಒಂದು ಸಾಲು ಹೆಜ್ಜೆಗುರುತು ಖಾಲಿ ಹಾಳೆಯ ಮೇಲೆ ಗೀಚಿದಂತೆ ನಿಲ್ಲುತ್ತದೆ. ಫೋಕಸ್ ಮಾತ್ರ ಕಷ್ಟ, ಆಟೋಫೋಕಸ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಕಪ್ಪಿನ ಅಂಚಿಗೆ ಫೋಕಸ್ ಮಾಡಿ ಲಾಕ್ ಮಾಡಿ.

ಕಾಯುವುದು ಹೇಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಯುವುದು ಅಂದರೆ ಸುಮ್ನೆ ನಿಲ್ಲುವುದಲ್ಲ. ಮೊದಲು ಹಿನ್ನೆಲೆಯನ್ನು ಆರಿಸಿ. ಪ್ರಾಣಿ ಎಲ್ಲಿದೆಯೋ ಅಲ್ಲಿಗೆ ಓಡಿದರೆ ಹಿಂದೆ ಕಸ, ಹಿಂದೆ ಜನ, ಹಿಂದೆ ಹಡಗು. ಬದಲಿಗೆ ಬೆಳಕು ಚೆನ್ನಾಗಿ ಬೀಳುವ, ಹಿಂದೆ ಶುದ್ಧ ನೀರೋ ಹಿಮವೋ ಇರುವ, ಪ್ರಾಣಿ ಹಾದುಹೋಗುವ ಸಾಧ್ಯತೆ ಇರುವ ಜಾಗ ಹುಡುಕಿ. ಅಲ್ಲಿ ನಿಂತು, ಮಿಕ್ಕದ್ದನ್ನು ಪ್ರಾಣಿಗೆ ಬಿಡಿ. ಪೆಂಗ್ವಿನ್‌ಗಳಂತೂ ಓಡಾಡಿ ಓಡಾಡಿ ಹಿಮದಲ್ಲಿ ಕೊರೆದಂಥ ದಾರಿಗಳನ್ನೇ ಮಾಡಿಕೊಂಡಿರುತ್ತವೆ. ಆ ದಾರಿಗೆ ಅಡ್ಡ ನಿಲ್ಲಬಾರದು, ಅದರಲ್ಲಿ ಕಾಲಿಡಲೂಬಾರದು. ದಾರಿ ಎಲ್ಲಿ ತಿರುಗುತ್ತದೆ ಅಂತ ನೋಡಿ. ತಿರುವಿನಲ್ಲಿ ಹಕ್ಕಿಯ ಮುಖ ನಿಮ್ಮ ಕಡೆ ಬರುತ್ತದೆ.

ಮೊದಲ ಇಪ್ಪತ್ತು ನಿಮಿಷ ಕ್ಯಾಮೆರಾ ಎತ್ತಬೇಡಿ. ಇದು ಕೇಳಲು ಸುಲಭ, ಮಾಡಲು ಕಷ್ಟ. ಆ ಹೊತ್ತಲ್ಲಿ ಒಂದೇ ಕೆಲಸ: ಇಲ್ಲಿ ಯಾವುದು ಮತ್ತೆ ಮತ್ತೆ ನಡೆಯುತ್ತಿದೆ ಅಂತ ಗಮನಿಸುವುದು. ಜೆಂಟೂ ಪೆಂಗ್ವಿನ್‌ಗಳ ನೆಲೆಯನ್ನೇ ನೋಡಿ. ಮೊದಲಿಗೆ ಗದ್ದಲ, ವಾಸನೆ, ಏನೂ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಜೋಡಿ ಕಣ್ಣಿಗೆ ಬೀಳುತ್ತದೆ. ಒಂದು ಕಲ್ಲಿನ ಗೂಡಿನ ಮೇಲೆ ಕೂತಿದೆ. ಇನ್ನೊಂದು ದೂರದಿಂದ ಕೊಕ್ಕಿನಲ್ಲಿ ಒಂದು ಸಣ್ಣ ಕಲ್ಲು ಹಿಡಿದು ಬರುತ್ತದೆ. ಬಂದು ತಲೆ ಬಗ್ಗಿಸುತ್ತದೆ, ಕಲ್ಲನ್ನು ಕೆಳಗಿಡುತ್ತದೆ. ಕೂತದ್ದೂ ತಲೆ ಬಗ್ಗಿಸುತ್ತದೆ. ಎರಡೂ ಕತ್ತು ಚಾಚಿ ಕೂಗುತ್ತವೆ. ಅಷ್ಟರಲ್ಲಿ ಪಕ್ಕದ ಗೂಡಿನದ್ದು ಮೆಲ್ಲಗೆ ಕತ್ತು ಉದ್ದ ಮಾಡಿ ಒಂದು ಕಲ್ಲನ್ನು ಎಗರಿಸಿರುತ್ತದೆ. ಕಲ್ಲು ತಂದದ್ದು ಮತ್ತೆ ಹೊರಡುತ್ತದೆ, ಅದೇ ದಾರಿಯಲ್ಲಿ. ಇನ್ನೈದು ನಿಮಿಷಕ್ಕೆ ಇದೆಲ್ಲ ಮತ್ತೆ ನಡೆಯುತ್ತದೆ. ಈಗ ನಿಮಗೆ ಗೊತ್ತು: ಯಾವ ಕಡೆಯಿಂದ ಬರುತ್ತದೆ, ಎಲ್ಲಿ ಬಾಗುತ್ತದೆ, ಕಳ್ಳ ಯಾರು. ಈಗ ಕ್ಯಾಮೆರಾ ಎತ್ತಿ. ಶಟರ್ ಒತ್ತುವುದು ಆ ಬಾಗಿದ ಕ್ಷಣಕ್ಕೆ, ಅಥವಾ ಕಳ್ಳನ ಕತ್ತು ಪೂರ್ತಿ ಚಾಚಿದ ಕ್ಷಣಕ್ಕೆ.

ಕಾಯುವ ಮೊದಲು ಬೇಕಾದ ಒಂದು ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿ, ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಪೆನ್ಸಿಲ್ ಇರಲಿ, ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ. ಬರೆದ ಚಿತ್ರವೇ ಸಿಗಬೇಕು ಅಂತಿಲ್ಲ. ಆದರೆ ಬರೆಯದೇ ಹೋದರೆ ಕಂಡದ್ದಕ್ಕೆಲ್ಲ ಕ್ಯಾಮೆರಾ ತಿರುಗುತ್ತದೆ. ಯಾವಾಗ ಹೊರಡುವುದು ಅಂತಲೂ ಮೊದಲೇ ಗೊತ್ತು ಮಾಡಿಕೊಳ್ಳಿ. ಗೈಡ್ ಕರೆದಾಗ, ಬೆರಳಿನ ಸ್ಪರ್ಶ ಹೋದಾಗ, ಗಾಳಿಯ ದಿಕ್ಕು ಬದಲಾದಾಗ. ಇಷ್ಟು ತೀರ್ಮಾನ ಆಗಿದ್ದರೆ ಮಧ್ಯದಲ್ಲಿ ಹೋಗಲೋ ಬೇಡವೋ ಅಂತ ತಲೆಕೆಡಿಸಿಕೊಳ್ಳುವುದು ತಪ್ಪುತ್ತದೆ.

ಕಾಯುವ ಹೊತ್ತು ಖಾಲಿ ಇರಬೇಕಿಲ್ಲ. ಕಾಲಡಿಯಲ್ಲೇ ಗಾಳಿ ಕೆತ್ತಿದ ಹಿಮದ ಅಲೆಗಳು ಇರುತ್ತವೆ, ಸಸ್ಟ್ರೂಗಿ ಅನ್ನುತ್ತಾರೆ. ಅವುಗಳ ನೆರಳು ಪ್ರತಿ ಹತ್ತು ನಿಮಿಷಕ್ಕೆ ಬದಲಾಗುತ್ತದೆ. ಗಾಳಿಯಲ್ಲಿ ಮಂಜಿನ ಹರಳು ತೇಲುತ್ತಿದ್ದರೆ ಸೂರ್ಯನ ಸುತ್ತ 22 ಡಿಗ್ರಿ ದೂರದಲ್ಲಿ ಬಳೆ ಮೂಡುತ್ತದೆ, ಎರಡು ಬದಿಗೆ ಎರಡು ಹೊಳೆಯುವ ಚುಕ್ಕಿ. ಕೈಯಿಂದ ಸೂರ್ಯನನ್ನು ಮರೆಮಾಡಿ ನೋಡಿದರೆ ಬೇಗ ಕಾಣುತ್ತದೆ.

ದಡಕ್ಕೆ ಇಳಿದಾಗ ಎಲ್ಲರೂ ಮೊದಲು ಕಂಡ ಪೆಂಗ್ವಿನ್ ಹತ್ತಿರ ಗುಂಪಾಗುತ್ತಾರೆ. ನೀವು ಮಾತ್ರ ಗೈಡ್‌ಗಳು ಗುರುತು ಹಾಕಿಟ್ಟ ದಾರಿಯ ಕೊನೆಗೆ ಹೋಗಿ. ವಾಪಸ್ ಹೋಗುವಾಗ ಕೊನೆಯ ದೋಣಿಗೆ ಹತ್ತುತ್ತೇನೆ ಅಂತ ಗೈಡ್‌ಗೆ ಹೇಳಿಡಿ.

ಪ್ರಾಣಿಯನ್ನು ಓದುವುದು

ನಿಯಮದಲ್ಲಿ ಹೇಳಿದ ದೂರ ಕನಿಷ್ಠದ್ದು. ಪ್ರಾಣಿ ತನ್ನ ಕೆಲಸ ನಿಲ್ಲಿಸಿ ನಿಮ್ಮನ್ನು ನೋಡಿದರೆ ಅಲ್ಲೇ ನಿಲ್ಲಿ. ನೋಡುತ್ತಲೇ ಇದ್ದರೆ ಹಿಂದೆ ಸರಿಯಿರಿ. ಮಲಗಿದ ಸೀಲ್ ತಲೆ ಎತ್ತಿತು, ಮೊಟ್ಟೆ ಮೇಲೆ ಕೂತ ಹಕ್ಕಿ ಎದ್ದಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ. ನಾರ್ವೆಯ ಡೋವ್ರೆಫ್ಯೆಲ್‌ನಲ್ಲಿ ಉದ್ದ ಕೂದಲಿನ, ಕಾಡುದನದಂಥ ಮಸ್ಕ್ ಆಕ್ಸ್ ನೋಡಲು ಹೋದರೆ 200 ಮೀಟರ್ ದೂರ ಇರಬೇಕು. ಗುಂಪು ಒಟ್ಟಾಗಿ ತಲೆ ಹೊರಗೆ ಮಾಡಿ ನಿಂತರೆ ಅದು ನಿಮಗೆ ಪೋಸ್ ಕೊಡುತ್ತಿಲ್ಲ, ಹೆದರಿ ರಕ್ಷಣೆಗೆ ನಿಂತಿದೆ. ಚಳಿಗಾಲದಲ್ಲಿ ಪ್ರಾಣಿ ಓಡಿದ ಪ್ರತಿ ಹೆಜ್ಜೆಗೂ ಮೈಯ ಕೊಬ್ಬು ಖರ್ಚಾಗುತ್ತದೆ. ಆ ಖರ್ಚಿನಲ್ಲಿ ಬಂದ ಫೋಟೊ ಎಷ್ಟೇ ಚೆಂದ ಇರಲಿ, ನನಗೆ ರುಚಿಸುವುದಿಲ್ಲ.

ಮಂಜುಗಡ್ಡೆ, ದೋಣಿಯಿಂದ

ಹಳೆಯ, ಒತ್ತಡಕ್ಕೆ ಸಿಕ್ಕು ಗುಳ್ಳೆಗಳನ್ನು ಕಳೆದುಕೊಂಡ ಮಂಜುಗಡ್ಡೆ ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯಾಗಿ ಕಾಣುತ್ತದೆ. ಈ ನೀಲಿ ಬಿಸಿಲಿಗಿಂತ ಮೋಡದ ದಿನ ಚೆನ್ನಾಗಿ ಬರುತ್ತದೆ. ರಬ್ಬರ್ ದೋಣಿಯಲ್ಲಿ ಹೋಗುವಾಗ ಶಟರ್ ವೇಗ 1/1000ಕ್ಕಿಂತ ಕಡಿಮೆ ಬೇಡ, ಹಾರುವ ಹಕ್ಕಿಗೆ 1/2000. ಉಪ್ಪುನೀರು ಸಿಡಿಯುವುದರಿಂದ ಲೆನ್ಸ್ ಬದಲಾಯಿಸಬೇಡಿ. ದೊಡ್ಡ ಗಡ್ಡೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರೊಳಗೇ ಇರುತ್ತದೆ, ಅದು ಯಾವಾಗ ಬೇಕಾದರೂ ಮಗುಚಬಹುದು. ಹತ್ತಿರ ಹೋಗಿ ಅಂತ ದೋಣಿಯವರನ್ನು ಒತ್ತಾಯಿಸಬೇಡಿ. ಬದಲಿಗೆ ಎಂಜಿನ್ ಆಫ್ ಮಾಡಿ ಐದು ನಿಮಿಷ ತೇಲಿಸಿ ಅಂತ ಕೇಳಿ. ದೋಣಿ ತಾನೇ ತಿರುಗುತ್ತದೆ, ಗಡ್ಡೆಯ ಕಮಾನು, ಬಿರುಕು, ಹಿಂದಿನ ಬೆಟ್ಟ ಒಂದೊಂದಾಗಿ ಸಾಲಿಗೆ ಬರುತ್ತವೆ.

ಅರೋರಾ

ಉತ್ತರದಲ್ಲಿ ಸೆಪ್ಟೆಂಬರ್‌ನಿಂದ ಏಪ್ರಿಲ್ ಮೊದಲವರೆಗೆ ಕಾಲ. ನಾರ್ವೆಯ ಟ್ರೋಮ್ಸೊ, ಸ್ವೀಡನ್ನಿನ ಅಬಿಸ್ಕೊ, ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಅರೋರಾ ಹೆಚ್ಚಾಗಿ ಮೂಡುವ ಆಕಾಶದ ಪಟ್ಟಿಯ ಕೆಳಗೇ ಬರುತ್ತವೆ. ಅಲ್ಲಿ ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ 0ಯಿಂದ 9ರವರೆಗೆ ಹೇಳುವ ಕೆಪಿ ಸೂಚ್ಯಂಕ 2 ಇದ್ದರೂ ಕಾಣುತ್ತದೆ, ಆಪ್ ನೋಡಿ ನಿರಾಶರಾಗಬೇಡಿ. ಮೋಡದ ಮುನ್ಸೂಚನೆ ಅದಕ್ಕಿಂತ ಮುಖ್ಯ.

ಮುನ್ನೆಲೆಯನ್ನು ಬೆಳಕಿರುವಾಗಲೇ ಹುಡುಕಿಡಿ. ಲೆನ್ಸಿನ ಮುಂದಿನ ಫಿಲ್ಟರ್ ತೆಗೆಯಿರಿ, ಇಲ್ಲದಿದ್ದರೆ ಹಸಿರು ಬೆಳಕಿಗೆ ಚಿತ್ರದ ನಡುವೆ ಉಂಗುರಗಳು ಮೂಡುತ್ತವೆ. ಒಂದು ನಕ್ಷತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ ಕೈಯಿಂದ ಫೋಕಸ್ ಮಾಡಿ, ರಿಂಗ್‌ಗೆ ಟೇಪ್ ಅಂಟಿಸಿ. ಎಫ್ 2.8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600ರಿಂದ 3200, ಐದರಿಂದ ಹತ್ತು ಸೆಕೆಂಡ್, ಇಲ್ಲಿಂದ ಶುರುಮಾಡಿ.

ಸಾಮಾನ್ಯವಾಗಿ ಮೊದಲು ದಿಗಂತದ ಮೇಲೆ ಮಂಕಾದ ಹಸಿರು ಕಮಾನು ಕಾಣುತ್ತದೆ. ಅದು ಒಂದು ಗಂಟೆ ಹಾಗೇ ಇರಬಹುದು. ಜನ ಇಷ್ಟೇನಾ ಅಂತ ಹೊರಡುತ್ತಾರೆ. ಆಮೇಲೆ ಕಮಾನಿನ ಕೆಳಅಂಚು ಚೂಪಾಗುತ್ತದೆ, ಒಂದು ಕಡೆ ಹೊಳಪು ಏರುತ್ತದೆ. ಅದು ಸೂಚನೆ. ನಿಮಿಷದೊಳಗೆ ಇಡೀ ಆಕಾಶ ಕುಣಿಯಲು ಶುರುವಾಗಬಹುದು. ಆಗ ಎಕ್ಸ್‌ಪೋಶರನ್ನು ಒಂದೆರಡು ಸೆಕೆಂಡಿಗೆ ಇಳಿಸಿ, ಇಲ್ಲದಿದ್ದರೆ ಬೆಳಕಿನ ಪರದೆಗಳ ಮಡಿಕೆ ಕಲಸಿ ಹಸಿರು ಗಂಜಿ ಆಗುತ್ತದೆ. ಚಂದ್ರ ಇದ್ದರೆ ಶಪಿಸಬೇಡಿ, ಹಿಮದ ನೆಲ ಕಾಣುವುದು ಅವನಿಂದಲೇ.

ವಾಪಸ್ ಬಂದ ಮೇಲೆ

ಅಂಟಾರ್ಕ್ಟಿಕಾ ಅನ್ವೇಷಕ ಷಾಕಲ್ಟನ್ ತಂಡದ ಫೋಟೊಗ್ರಾಫರ್ ಫ್ರಾಂಕ್ ಹರ್ಲಿ 1915ರಲ್ಲಿ, ಎಂಡ್ಯೂರೆನ್ಸ್ ಹಡಗು ಮಂಜುಗಡ್ಡೆಯ ನಡುವೆ ನಜ್ಜುಗುಜ್ಜಾದಾಗ, ಕೊರೆಯುವ ನೀರಿಗಿಳಿದು ಗಾಜಿನ ನೆಗೆಟಿವ್‌ಗಳನ್ನು ಮೇಲೆ ತಂದರು. ಎಲ್ಲವನ್ನೂ ಹೊರುವ ಹಾಗಿರಲಿಲ್ಲ. ಷಾಕಲ್ಟನ್ ಜೊತೆ ಮಂಜಿನ ಮೇಲೆ ಕೂತು ಸುಮಾರು 120 ಆರಿಸಿದರು, ಸುಮಾರು 400 ಒಡೆದುಹಾಕಿದರು. ಮತ್ತೆ ಮನಸ್ಸು ಬದಲಾಗದಿರಲಿ ಅಂತಲೇ ಒಡೆದದ್ದು. ಆಮೇಲೆ ಅವರ ಹತ್ತಿರ ಉಳಿದದ್ದು ಒಂದು ಜೇಬಿನ ಕೊಡಾಕ್ ಕ್ಯಾಮೆರಾ, ಮೂರು ರೋಲ್ ಫಿಲ್ಮ್.

ನೀವು ಏನೂ ಒಡೆಯಬೇಕಿಲ್ಲ, ಎರಡು ಡಿಸ್ಕಿನಲ್ಲಿ ನಕಲು ಇಡಿ. ಆದರೆ ತೋರಿಸುವ ಚಿತ್ರಗಳನ್ನು ಅದೇ ನಿಷ್ಠುರದಿಂದ ಆರಿಸಿ. ತಕ್ಷಣ ಆರಿಸಬೇಡಿ. ಪಟ್ಟ ಕಷ್ಟ ನೆನಪಿರುವವರೆಗೆ ಸಾಧಾರಣ ಫೋಟೊ ಕೂಡ ದೊಡ್ಡದಾಗಿ ಕಾಣುತ್ತದೆ. ಒಂದು ತಿಂಗಳು ಬಿಟ್ಟು ನೋಡಿ. ಎಡಿಟ್ ಮಾಡುವಾಗ ಹಿಮವನ್ನು ಕಾಗದದಷ್ಟು ಬಿಳಿ ಮಾಡಬೇಡಿ, ಸ್ವಲ್ಪ ಬಣ್ಣ ಉಳಿಯಲಿ, ಮೇಲ್ಮೈಯ ಕಣ ಕಾಣಲಿ. ಅರೋರಾದ ಹಸಿರನ್ನು ಇನ್ನಷ್ಟು ಎಳೆಯುವ ಆಸೆಯನ್ನು ತಡೆದುಕೊಳ್ಳಿ.

ಪ್ರತಿ ಆಯ್ದ ಫೋಟೊ ಜೊತೆ ದಿನಾಂಕ, ಉಷ್ಣತೆ, ಗಾಳಿ, ಎಷ್ಟು ಹೊತ್ತು ಕಾದಿರಿ ಅಂತ ಒಂದು ಟಿಪ್ಪಣಿ ಸೇರಿಸಿ. ಮುಂದಿನ ಸಲ ಯಾವ ವಾರ ಹೋಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಇದರಿಂದಲೇ ತಿಳಿಯುತ್ತದೆ. ಗೂಡು ಅಥವಾ ಕರಡಿಯ ಬಿಲದ ಫೋಟೊಗಳನ್ನು ಹಂಚಿಕೊಳ್ಳುವ ಮೊದಲು ಅದರಲ್ಲಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿ.